ಹೆಸರು ಒಂದೇ, ಹಾಡು ಯಾವುದು? ಕುಣಿತದ ಹಾಡುಗಳ ಶೀರ್ಷಿಕೆ ಕುರಿತು

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕೋತ್ಸವಕ್ಕೆ ಈ ಸಲ ಬೇರೆ ಬೇರೆ ಕಾಲದ ಪಾಶ್ಚಾತ್ಯ ಕುಣಿತದ ಹಾಡುಗಳನ್ನು ಇಟ್ಟುಕೊಂಡಿದ್ದೇವೆ. ಮೂರು ತಂಡಗಳು ‘ಲೆಟ್ಸ್ ಡ್ಯಾನ್ಸ್’ ಎಂದೇ ಹೆಸರು ಬರೆಸಿವೆ: ಒಂದು 1935ರದ್ದಂತೆ, ಒಂದು 1962ರದ್ದು, ಇನ್ನೊಂದು 1983ರದ್ದು. ‘ವೀನಸ್’ ಎಂದು ಎರಡು ತಂಡಗಳು ಬರೆಸಿವೆ. 1970ರ ಸುಮಾರಿನದು ಒಂದು, 1986ರದ್ದು ಒಂದು, ಕೇಳಿದರೆ ಎರಡೂ ಬೇರೆ ಬೇರೆ ಅನ್ನಿಸುತ್ತವೆ. ಇವುಗಳಲ್ಲಿ ಮೂಲ ಯಾವುದು, ನಕಲು ಯಾವುದು? ಒಬ್ಬರ ಶೀರ್ಷಿಕೆಯನ್ನು ಇನ್ನೊಬ್ಬರು ಬಳಸಲು ಕಾನೂನು ಬಿಡುತ್ತದೆಯೇ? ಸೌಂಡ್ ಸಿಸ್ಟಮ್‌ನವರಿಗೆ ಗೊಂದಲವಾಗದಂತೆ ಪಟ್ಟಿ ಬರೆಯುವುದು ಹೇಗೆ?
— ಜೆ.ಪಿ. ನಗರದ ಓದುಗರೊಬ್ಬರು

ಉತ್ತರ: ಸಮಿತಿಯ ಚರ್ಚೆಗೆ ಬೇಕಾದ ನೇರ ಉತ್ತರವನ್ನು ಮೊದಲು ಕೊಟ್ಟುಬಿಡುತ್ತೇನೆ. ‘ಲೆಟ್ಸ್ ಡ್ಯಾನ್ಸ್’ ಎಂಬ ಹೆಸರಿನ ಮೂರೂ ಹಾಡುಗಳು ಪರಸ್ಪರ ಸಂಬಂಧವಿಲ್ಲದ ರಚನೆಗಳು. ಒಂದರ ಧಾಟಿಯನ್ನು ಇನ್ನೊಂದು ತೆಗೆದುಕೊಂಡಿಲ್ಲ. ‘ವೀನಸ್’ ವಿಷಯದಲ್ಲಿ ಮಾತ್ರ ನೀವು ತಿಳಿದಿರುವುದು ತಿರುವುಮುರುವಾಗಿದೆ. ಬೇರೆ ಬೇರೆ ಎಂದು ನಿಮಗೆ ಕೇಳಿಸಿದ ಆ ಎರಡೂ ಒಂದೇ ಹಾಡು. ಹೆಸರು ಒಂದೇ ಆಗಿದ್ದ ಮಾತ್ರಕ್ಕೆ ಹಾಡುಗಳಿಗೆ ನಂಟು ಇರಬೇಕೆಂದಿಲ್ಲ, ಕಿವಿಗೆ ದೂರವಾಗಿ ಕೇಳಿಸಿದ ಮಾತ್ರಕ್ಕೆ ನಂಟು ಇಲ್ಲವೆಂದೂ ಅಲ್ಲ. ನಂಟು ಇರುವುದು ಧಾಟಿಯಲ್ಲಿ ಮತ್ತು ಅದನ್ನು ಕಟ್ಟಿದವರ ಹೆಸರಿನಲ್ಲಿ.

‘ಲೆಟ್ಸ್ ಡ್ಯಾನ್ಸ್’ ಕತೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1934ರ ಡಿಸೆಂಬರಿನಿಂದ 1935ರ ಮೇ ತಿಂಗಳವರೆಗೆ ಅಮೆರಿಕದ ಎನ್‌ಬಿಸಿ ರೇಡಿಯೊದಲ್ಲಿ ಶನಿವಾರ ರಾತ್ರಿ ಮೂರು ಗಂಟೆಗಳ ಕಾರ್ಯಕ್ರಮವೊಂದು ಪ್ರಸಾರವಾಗುತ್ತಿತ್ತು. ಬಿಸ್ಕತ್ತಿನ ಕಂಪನಿಯೊಂದು ಅದರ ಪ್ರಾಯೋಜಕತ್ವ ವಹಿಸಿತ್ತು. ಸರದಿಯ ಮೇಲೆ ನುಡಿಸುತ್ತಿದ್ದ ಮೂರು ವಾದ್ಯವೃಂದಗಳಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರದೂ ಒಂದು. ಕಾರ್ಯಕ್ರಮದ ಹೆಸರು ‘ಲೆಟ್ಸ್ ಡ್ಯಾನ್ಸ್’; ಗುಡ್‌ಮನ್ ತಂಡದ ಆರಂಭ ಸಂಗೀತದ ಹೆಸರೂ ಅದೇ. ಸಮಯದ ವ್ಯತ್ಯಾಸದಿಂದಾಗಿ ಪಶ್ಚಿಮ ಕರಾವಳಿಯ ಹುಡುಗ ಹುಡುಗಿಯರಿಗೆ ಗುಡ್‌ಮನ್ ಅವರ ನುಡಿಸಾಣಿಕೆ ನಿದ್ದೆಯ ಹೊತ್ತಿಗೆ ಮುಂಚೆಯೇ ಕೇಳಸಿಗುತ್ತಿತ್ತು. 1935ರ ಆಗಸ್ಟ್ 21ರಂದು ಲಾಸ್ ಏಂಜಲಿಸ್‌ನ ಪಾಲೋಮಾರ್ ಬಾಲ್‌ರೂಮಿನಲ್ಲಿ ಗುಡ್‌ಮನ್ ನುಡಿಸಿದಾಗ ಅಲ್ಲಿನ ಯುವಜನ ಮುಗಿಬಿದ್ದದ್ದಕ್ಕೆ ಇದೂ ಒಂದು ಕಾರಣ. ದೊಡ್ಡ ವಾದ್ಯವೃಂದಗಳು ಕುಣಿತಕ್ಕೆಂದು ಜಾಝ್ ನುಡಿಸಿದ ‘ಸ್ವಿಂಗ್’ ಯುಗ ಆ ರಾತ್ರಿಯೇ ಶುರುವಾಯಿತೆಂದು ಬರೆಯುವ ರೂಢಿ ಇದೆ.

ಆ ಆರಂಭ ಸಂಗೀತವೂ ತಾನೇತಾನಾಗಿ ಹುಟ್ಟಿದ್ದಲ್ಲ. ಜರ್ಮನಿಯ ಕಾರ್ಲ್ ಮಾರಿಯಾ ಫಾನ್ ವೆಬರ್ 1819ರಲ್ಲಿ ಪಿಯಾನೊಗೆಂದು ‘ಇನ್ವಿಟೇಷನ್ ಟು ದ ಡ್ಯಾನ್ಸ್’ ಎಂಬ ವಾಲ್ಟ್ಸ್ (ಜೋಡಿ ಕುಣಿತದ, ಮೂರು ಬಡಿತದ ಸಂಗೀತ) ರಚಿಸಿ ಪತ್ನಿ ಕ್ಯಾರೊಲಿನ್ ಅವರಿಗೆ ಅರ್ಪಿಸಿದ್ದರು. 1841ರಲ್ಲಿ ಫ್ರಾನ್ಸಿನ ಸಂಗೀತ ರಚನಕಾರ ಬೆರ್ಲಿಯೋಸ್ ಅದನ್ನು ಪೂರ್ಣ ವಾದ್ಯವೃಂದಕ್ಕೆ ಅಳವಡಿಸಿದರು. ಒಬ್ಬ ಗೃಹಸ್ಥ ಮಹಿಳೆಯೊಬ್ಬಳ ಬಳಿಗೆ ಬಂದು ಕುಣಿಯಲು ಕರೆಯುತ್ತಾನೆ, ಆಕೆ ಮೊದಲು ತುಸು ಹಿಂಜರಿದು ಆಮೇಲೆ ಒಪ್ಪುತ್ತಾಳೆ, ಇಬ್ಬರೂ ಕುಣಿಯುತ್ತಾರೆ, ಕೊನೆಗೆ ವಂದಿಸಿ ಬೀಳ್ಕೊಳ್ಳುತ್ತಾರೆ — ಇಷ್ಟೇ ಅದರ ವಸ್ತು. ಗುಡ್‌ಮನ್ ನುಡಿಸಿದ ರೂಪ ಇದೇ ಧಾಟಿಯ ಮೇಲೆ ನಿಂತಿದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಮೂರರ ಎಣಿಕೆಯ ತ್ರಿಶ್ರದಲ್ಲಿದ್ದುದು ನಾಲ್ಕರ ಎಣಿಕೆಯ ಚತುರಶ್ರಕ್ಕೆ ತಿರುಗಿತು. ಶೀರ್ಷಿಕೆಯೂ ಹಾಗೆಯೇ: ‘ನೃತ್ಯಕ್ಕೆ ಆಹ್ವಾನ’ ಎಂಬ ಮರ್ಯಾದೆಯ ಮಾತು ‘ಬನ್ನಿ, ಕುಣಿಯೋಣ’ ಎಂಬ ಬೀದಿಯ ಮಾತಾಯಿತು. ಹಾಗಾಗಿ ‘ಮೂಲ’ ಯಾವುದೆಂದು ಹಟ ಹಿಡಿದು ಹುಡುಕಿದರೆ ನಿಮ್ಮ 1935ರ ತಂಡವೂ ಹಿಂದಕ್ಕೆ, 1819ಕ್ಕೆ, ಹೋಗಬೇಕಾಗುತ್ತದೆ; ಅಲ್ಲಿ ಶೀರ್ಷಿಕೆಯೇ ಬೇರೆ.

1962ರ ‘ಲೆಟ್ಸ್ ಡ್ಯಾನ್ಸ್’ ಜಿಮ್ ಲೀ ಬರೆದದ್ದು, ಕ್ರಿಸ್ ಮಾಂಟೆಜ್ ಹಾಡಿದ್ದು. ಹಾಡಿದಾತನಿಗೆ ಆಗ ಹತ್ತೊಂಬತ್ತು ವರ್ಷ. ವೆಬರ್‌ಗೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ಎರಡೂವರೆ ನಿಮಿಷದೊಳಗೆ ಮುಗಿದುಹೋಗುವ, ಆರ್ಗನ್ನಿನ ಬಿರುಸು ನುಡಿಯ ಮೇಲೆ ಓಡುವ ಈ ಹಾಡು ಆ ಕಾಲದ ಹರೆಯದವರ ಕುಣಿತಗಳನ್ನು ಹೆಸರಿಟ್ಟು ಕರೆಯುತ್ತದೆ. ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಇದು ನಾಲ್ಕನೆಯ ಸ್ಥಾನದವರೆಗೆ ಏರಿತು.

1983ರದ್ದು ಡೇವಿಡ್ ಬೋವಿ ಬರೆದು ಹಾಡಿದ್ದು. ಹನ್ನೆರಡು ತಂತಿಯ ಗಿಟಾರಿನ ಮೇಲೆ ಅವರು ನುಡಿಸಿ ತೋರಿಸಿದ್ದು ಜಾನಪದ ಗೀತೆಯಂಥ ಮೆಲುದನಿಯ ಹಾಡಾಗಿತ್ತು, ಅದನ್ನು ಕುಣಿತದ ಹಾಡಾಗಿ ತಾನು ಕಟ್ಟಿದೆ ಎಂದು ನಿರ್ಮಾಪಕ ನೈಲ್ ರಾಜರ್ಸ್ ಹಲವು ಸಲ ಹೇಳಿಕೊಂಡಿದ್ದಾರೆ. ಗಿಟಾರ್ ನುಡಿಸಿದವರು ಸ್ಟೀವಿ ರೇ ವಾನ್. ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೆ ಬಂದ ಈ ಹಾಡಿನ ನಡೆ ನಿಮಿಷಕ್ಕೆ ಸುಮಾರು 115 ಬಡಿತ. ಮಾಂಟೆಜ್ ಹಾಡಿಗೆ ಕಲಿತ ಹೆಜ್ಜೆಗಳನ್ನು ಇದಕ್ಕೆ ಹಾಕಲು ಹೋದರೆ ಕಾಲು ಮುಂದೆ ಓಡಿ ಹಾಡು ಹಿಂದೆ ಉಳಿಯುತ್ತದೆ.

ಶೀರ್ಷಿಕೆಯ ಎರಡು ಪದ ಬದಲಾಗಿಲ್ಲ, ಆದರೆ ‘ಕುಣಿಯೋಣ’ ಎಂದರೆ ಏನೆಂಬುದು ಪ್ರತಿ ಸಲವೂ ಬದಲಾಗಿದೆ. 1935ರಲ್ಲಿ ಅದು ಜೋಡಿಯ ಕೈ ಹಿಡಿದು ಕುಣಿಯುವುದು. 1962ರ ಹೊತ್ತಿಗೆ ಟ್ವಿಸ್ಟ್ ಎಂಬ ಕುಣಿತ ಬಂದಾಗಿತ್ತು. ಎದುರುಬದುರು ನಿಂತರೂ ಯಾರೂ ಯಾರನ್ನೂ ಮುಟ್ಟಬೇಕಾಗಿರಲಿಲ್ಲ. 1983ರಲ್ಲಿ ಅದು ಕ್ಲಬ್ಬಿನ ನೆಲ, ಎದೆಗೆ ತಾಗುವ ಡ್ರಮ್ಮಿನ ಸದ್ದು, ಗುಂಪಿನ ನಡುವೆ ಒಬ್ಬೊಬ್ಬರೇ. ನಿಮ್ಮ ಮೂರು ತಂಡಗಳ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಹೆಜ್ಜೆ ಕಟ್ಟುವುದು ಶೀರ್ಷಿಕೆಗಲ್ಲ, ಆ ಹಾಡು ಹುಟ್ಟಿದ ಕಾಲದ ಮೈಗೆ.

ಇನ್ನು ‘ವೀನಸ್’. ಮೊನ್ನೆ ನಿಮ್ಮ ಪತ್ರ ಓದಿದ ಮೇಲೆ ಸಂಡೇ ಬಜಾರಿನಲ್ಲಿ ಎಂದೋ ಕೊಂಡಿದ್ದ, 1986ರ ‘ವೀನಸ್’ ಹಾಡಿದ ಮೂವರು ಹುಡುಗಿಯರ ಬನಾನರಾಮ ತಂಡದ ಗ್ರಾಮಫೋನ್ ತಟ್ಟೆಯನ್ನು ಕಪಾಟಿನಿಂದ ತೆಗೆದು ನೋಡಿದೆ. ನಡುವಿನ ದುಂಡು ಕಾಗದದ ಮೇಲೆ ಶೀರ್ಷಿಕೆ ದಪ್ಪ ಅಕ್ಷರದಲ್ಲಿದೆ. ಅದರ ಕೆಳಗೆ, ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಆ ಮೂವರು ಹುಡುಗಿಯರ ಹೆಸರಿಲ್ಲ, ರಾಬಿ ವಾನ್ ಲೇವೆನ್ ಅವರ ಹೆಸರಿದೆ. ಅವರು ನೆದರ್‌ಲ್ಯಾಂಡ್ಸ್‌ನ ಹೇಗ್ ಪಟ್ಟಣದ ‘ಶಾಕಿಂಗ್ ಬ್ಲೂ’ ತಂಡದ ಗಿಟಾರ್ ವಾದಕರು. ಅವರ ತಂಡ 1969ರಲ್ಲಿ ಹೊರತಂದ ‘ವೀನಸ್’ 1970ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತ್ತು. ಬನಾನರಾಮ 1986ರಲ್ಲಿ ಮತ್ತೆ ಹಾಡಿ ಅದನ್ನು ಅದೇ ಸ್ಥಾನಕ್ಕೆ ಏರಿಸಿತು. ಯಂತ್ರದ ಡ್ರಮ್ಮು, ಸಿಂಥಸೈಜರ್ ಸೇರಿದ್ದರಿಂದ ನಿಮಗೆ ಬೇರೆಯೆನ್ನಿಸಿದೆ. ವಾದ್ಯಗಳನ್ನೆಲ್ಲ ಮರೆತು ಪಲ್ಲವಿಯನ್ನಷ್ಟೇ ಗುನುಗಿ ನೋಡಿ, ಎರಡೂ ಒಂದೇ ಎಂಬುದು ಕೂಡಲೇ ತಿಳಿಯುತ್ತದೆ. ಸಂದೇಹ ಬಂದಾಗಲೆಲ್ಲ ನಾನು ಮಾಡುವ ಪರೀಕ್ಷೆ ಇದೊಂದೇ.

ನಿಜಕ್ಕೂ ಬೇರೆಯಾದ ‘ವೀನಸ್’ ನಿಮ್ಮ ಪಟ್ಟಿಯಲ್ಲೇ ಇಲ್ಲ. ಅದು ಎಡ್ ಮಾರ್ಷಲ್ ಬರೆದು ಫ್ರ್ಯಾಂಕಿ ಆವಲಾನ್ ಹಾಡಿ 1959ರಲ್ಲಿ ಅಮೆರಿಕದ ಮೊದಲ ಸ್ಥಾನದಲ್ಲಿ ಐದು ವಾರ ನಿಂತ ಮೆಲುನಡೆಯ ಪ್ರೇಮಗೀತೆ. ಡಿಸ್ಕೊ ಕಾಲ ಬಂದಾಗ, 1976ರಲ್ಲಿ, ಆವಲಾನ್ ತಮ್ಮ ಹಾಡನ್ನೇ ಡಿಸ್ಕೊ ಲಯದಲ್ಲಿ ಮತ್ತೊಮ್ಮೆ ಹಾಡಿದರು. ಅಂದರೆ ಹಾಡು ಅದೇ, ಹಾಡುಗಾರರು ಅವರೇ, ಹೆಸರೂ ಅದೇ, ಆದರೂ ಒಂದಕ್ಕೆ ಕಲಿತ ಹೆಜ್ಜೆ ಇನ್ನೊಂದಕ್ಕೆ ಕೂರುವುದಿಲ್ಲ. ಹಳೆಯ ಹಾಡುಗಾರರು ವರ್ಷಗಳ ನಂತರ ತಾವೇ ಮತ್ತೆ ಮುದ್ರಿಸಿದ ರೂಪಗಳು ಇಂದು ಮೊಬೈಲಿನ ಹಾಡಿನ ಆಪ್‌ಗಳಲ್ಲಿ ಮೂಲದ ಪಕ್ಕದಲ್ಲೇ ಕುಳಿತಿರುತ್ತವೆ. ಬಹಳಷ್ಟು ತಂಡಗಳು ಮೋಸಹೋಗುವುದು ಇಲ್ಲಿಯೇ.

ಶಾಕಿಂಗ್ ಬ್ಲೂ ಹಾಡಿನ ಧಾಟಿಗೂ ಒಂದು ಪೂರ್ವಕತೆ ಇದೆ. ಅಮೆರಿಕದ ‘ಬಿಗ್ ತ್ರೀ’ ಎಂಬ ಜಾನಪದ ಗಾಯಕರ ತಂಡವು 1848ರ ‘ಓ ಸುಸಾನ’ ಗೀತೆಯ ಸಾಹಿತ್ಯವನ್ನು ಹೊಸ ಮಟ್ಟಿಗೆ ಕೂರಿಸಿ 1963ರಲ್ಲಿ ‘ದ ಬಾಂಜೊ ಸಾಂಗ್’ ಎಂದು ಹಾಡಿತ್ತು. ‘ವೀನಸ್’ ಧಾಟಿ ಹುಟ್ಟಿದ್ದು ಆ ಮಟ್ಟಿನಿಂದ. ಆವಲಾನ್‌ರ ಹಾಡಿನ ಜತೆ ಹೆಸರನ್ನಷ್ಟೇ ಹಂಚಿಕೊಂಡ ಹಾಡು, ಹೆಸರೇ ಬೇರೆಯಾದ ಕಡೆ ಧಾಟಿಯ ಬಂಧುವನ್ನು ಇಟ್ಟುಕೊಂಡಿದೆ!

ಇದೆಲ್ಲ ನಮಗೆ ಅಪರಿಚಿತವಾದ ಸಂಗತಿಯೇನೂ ಅಲ್ಲ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಸಂಗೀತಪಾಠಕ್ಕೆ ಹೋದ ಮಗುವನ್ನು ಕೇಳಿ: ‘ಸಾಮಿ ನಿನ್ನೆ ಕೋರಿ’ ಎಂದು ಆರಂಭವಾಗುವ ವರ್ಣಗಳು ಎರಡಿವೆ. ಶ್ರೀರಾಗದ್ದು ಕರೂರು ದೇವುಡು ಅಯ್ಯರ್ ಅವರದು, ಶಂಕರಾಭರಣದ್ದು ವೀಣೆ ಕುಪ್ಪಯ್ಯರ್ ಅವರದು. ಒಂದು ಇನ್ನೊಂದರ ನಕಲು ಎಂದು ಯಾರೂ ಹೇಳುವುದಿಲ್ಲ. ‘ಶ್ರೀರಾಗದ್ದು ಹಾಡು’ ಎಂದು ಮೇಷ್ಟ್ರು ಹೇಳಿದರೆ ಸಾಕು. ಇದಕ್ಕೆ ಬದಲಾಗಿ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಒಂದೇ ಕೃತಿ. ಬಾಲಸರಸ್ವತಿಯವರು ಅದಕ್ಕೆ ಅಭಿನಯಿಸಿದ ಕಾಲಕ್ಕೂ, 1996ರಲ್ಲಿ ‘ಕಲೋನಿಯಲ್ ಕಸಿನ್ಸ್’ ಗಿಟಾರಿನ ಜತೆ ಹಾಡಿದ ಕಾಲಕ್ಕೂ ನಡುವೆ ಎಷ್ಟು ಅಂತರವಿದ್ದರೂ ಪಲ್ಲವಿ ಕೇಳಿದ ಕೂಡಲೇ ಮನೆಯ ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ಗುರುತಿಸುತ್ತಾರೆ. ಹಳ್ಳಿಯ ಕೋಲಾಟಕ್ಕೆ ಬಂದರೆ ‘ಕೋಲು ಕೋಲೆನ್ನ ಕೋಲೆ’ ಎಂಬ ಸೊಲ್ಲು ಎಷ್ಟು ಪದಗಳಿಗಿದೆ ಎಂದು ಎಣಿಸಿದವರಿಲ್ಲ. ಸೊಲ್ಲು ಎಲ್ಲರದು, ಅದರ ಕೆಳಗೆ ಹೇಳುವ ಕತೆ ಆಯಾ ಊರಿನದು. ಭರತನಾಟ್ಯದ ತಿಲ್ಲಾನಕ್ಕಂತೂ ನಾವು ಪ್ರತ್ಯೇಕ ಹೆಸರಿಡುವ ಗೋಜಿಗೇ ಹೋಗುವುದಿಲ್ಲ: ‘ಧನಶ್ರೀ ತಿಲ್ಲಾನ, ಸ್ವಾತಿ ತಿರುನಾಳ್’ ಎಂದು ಆಮಂತ್ರಣದಲ್ಲಿ ಅಚ್ಚಾದರೆ ತಿಳಿದವರಿಗೆ ಅಷ್ಟೇ ಸಾಕು. ರಾಗ, ತಾಳ, ವಾಗ್ಗೇಯಕಾರರ ಹೆಸರನ್ನು ಬರೆಯುವ ಈ ಅಭ್ಯಾಸವನ್ನು ಪಾಶ್ಚಾತ್ಯ ಹಾಡುಗಳ ವಿಷಯಕ್ಕೆ ಬಂದಾಗ ನಾವು ಏಕೆ ಕೈಬಿಡುತ್ತೇವೋ ಎಂದು ನನಗೆ ಬೇಸರವಾಗುತ್ತದೆ.

ಕುಣಿತದ ಹಾಡುಗಳಲ್ಲೇ ಹೆಸರು ಹೆಚ್ಚು ಮರುಕಳಿಸುವುದಕ್ಕೆ ಕಾರಣ ಸರಳವಾಗಿದೆ. ಆ ಹಾಡಿನ ಶೀರ್ಷಿಕೆ ಸಾಮಾನ್ಯವಾಗಿ ಪಲ್ಲವಿಯ ಕೂಗೇ ಆಗಿರುತ್ತದೆ. ಬಾ, ಕುಣಿ, ಹಾರು, ರಾತ್ರಿ, ಲಯ ಎಂಬ ಬೆರಳೆಣಿಕೆಯ ಮಾತುಗಳಲ್ಲೇ ಕವಿ ಕೂಗಬೇಕು. ‘ರಿದಮ್ ಆಫ್ ದ ನೈಟ್’ ಎಂದು 1985ರಲ್ಲಿ ಡಿಬಾರ್ಜ್ ತಂಡ ಹಾಡಿತು, ಬರೆದವರು ಡಯಾನ್ ವಾರನ್. 1993ರಲ್ಲಿ ಇಟಲಿಯ ‘ಕರೋನ’ ಎಂಬ ಕುಣಿತ ಸಂಗೀತದ ತಂಡದಿಂದ ಮುಂದೆ ಒಂದು ‘ದ’ ಸೇರಿಸಿಕೊಂಡು ಪೂರ್ತಿ ಬೇರೆಯದೇ ಹಾಡು ಬಂತು. ಹುಡುಕುವ ಯಂತ್ರಕ್ಕೆ ಆ ‘ದ’ ಲೆಕ್ಕಕ್ಕಿಲ್ಲ. ಕೆಲವು ಸಲ ಹೆಸರನ್ನು ಬೇಕೆಂದೇ ಎತ್ತಿಕೊಳ್ಳುವುದೂ ಉಂಟು. ಒಲಿವಿಯಾ ನ್ಯೂಟನ್-ಜಾನ್ ಅವರ ‘ಫಿಸಿಕಲ್’ 1981ರಲ್ಲಿ ಅಮೆರಿಕದ ಮೊದಲ ಸ್ಥಾನಕ್ಕೇರಿ ಹತ್ತು ವಾರ ಅಲ್ಲೇ ನಿಂತಿತ್ತು. 2020ರಲ್ಲಿ ದುವಾ ಲಿಪಾ ಅದೇ ಹೆಸರಿನ ಹೊಸ ಹಾಡು ಹೊರತಂದಾಗ ಅದು ಹಿರಿಯರಿಗೆ ಸಲ್ಲಿಸಿದ ನಮಸ್ಕಾರವೆಂದು ಕೇಳುವವರಿಗೆ ಗೊತ್ತಾಯಿತು.

ಹೆಸರೂ ಹಾಡೂ ಎರಡೂ ಒಂದೇ ಆಗಿ ಕಾಲ ಮಾತ್ರ ಬೇರೆಯಾದವುಗಳಲ್ಲಿ ‘ದ ಟ್ವಿಸ್ಟ್’ ಮುಖ್ಯವಾದದ್ದು. ಹ್ಯಾಂಕ್ ಬ್ಯಾಲರ್ಡ್ ಬರೆದು ತಮ್ಮ ತಂಡದೊಂದಿಗೆ ಹಾಡಿದ ಆ ಹಾಡು ಬಂದದ್ದು ತಟ್ಟೆಯ ಹಿಂಬದಿಯಲ್ಲಿ. 1960ರಲ್ಲಿ ಚಬಿ ಚೆಕರ್ ಅದನ್ನೇ ಹಾಡಿ ಮೊದಲ ಸ್ಥಾನಕ್ಕೆ ತಂದರು, 1962ರ ಜನವರಿಯಲ್ಲಿ ಅದೇ ಮುದ್ರಿಕೆ ಎರಡನೆಯ ಸಲ ಅಲ್ಲಿಗೇರಿತು. ‘ದ ಲೋಕೋ-ಮೋಷನ್’ ಕೂಡ ಹೀಗೆಯೇ: 1962ರಲ್ಲಿ ಲಿಟಲ್ ಈವಾ, 1974ರಲ್ಲಿ ಗ್ರ್ಯಾಂಡ್ ಫಂಕ್ ಎಂಬ ರಾಕ್ ತಂಡ, 1987ರಲ್ಲಿ ಕೈಲಿ ಮಿನೋಗ್. ಮೂರಕ್ಕೂ ರಚನೆ ಗೆರಿ ಗಾಫಿನ್ ಮತ್ತು ಕೆರೋಲ್ ಕಿಂಗ್ ದಂಪತಿಯದು.

ಕಾನೂನಿನ ಪ್ರಶ್ನೆಗೆ ಬರುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯ, ಸಂಗೀತ, ಧ್ವನಿಮುದ್ರಿಕೆಗಳಿಗೆ ರಕ್ಷಣೆ ಕೊಡುತ್ತದೆ, ಬರಿಯ ಶೀರ್ಷಿಕೆಗೆ ಕೊಡುವುದಿಲ್ಲ. ‘ದೇಸಿ ಬಾಯ್ಜ್’ ಎಂಬ ಹಿಂದಿ ಚಿತ್ರದ ಹೆಸರು ತನ್ನ ಕಥಾಸಾರದ ಶೀರ್ಷಿಕೆಯಾಗಿತ್ತೆಂದು ಬರಹಗಾರರೊಬ್ಬರು ದೂರು ಕೊಟ್ಟಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು: ಎಲ್ಲರೂ ಬಳಸುವ ಎರಡು ಮಾತುಗಳನ್ನು ಜೋಡಿಸಿದ ಶೀರ್ಷಿಕೆ ತಾನಾಗಿ ಒಂದು ಸಾಹಿತ್ಯಕೃತಿ ಆಗುವುದಿಲ್ಲ. ನಮ್ಮ ಚಿತ್ರರಂಗದಲ್ಲಿ ‘ನಾಗರಹಾವು’ ಎಂಬ ಹೆಸರಿನಲ್ಲಿ 1972ರಲ್ಲಿ, 2002ರಲ್ಲಿ, 2016ರಲ್ಲಿ ಮೂರು ಬೇರೆ ಕತೆಯ ಚಿತ್ರಗಳು ಬಂದಿರುವುದು ನಿಮಗೆ ನೆನಪಿರಬಹುದು. ಧಾಟಿಯ ಮಾತು ಬೇರೆ. ರಚನಕಾರರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಅದು ಅವರ ಮತ್ತು ಅವರ ವಾರಸುದಾರರ ಸ್ವತ್ತು. ಮತ್ತೆ ಹಾಡಿ ಮುದ್ರಿಸಬೇಕಾದರೆ ಅನುಮತಿ ಅಥವಾ ಸಂಭಾವನೆ ಸಲ್ಲಲೇಬೇಕು. ವೆಬರ್‌ರ ರಚನೆಗೆ ಈಗ ಯಾರ ಹಕ್ಕೂ ಇಲ್ಲ, ಆದರೆ ಅದನ್ನು ನುಡಿಸಿದ ಇತ್ತೀಚಿನ ಧ್ವನಿಮುದ್ರಿಕೆಗೆ ಅದರದೇ ಆದ 60 ವರ್ಷದ ಹಕ್ಕಿದೆ.

ನಿಮ್ಮ ಕಾರ್ಯಕ್ರಮ ವಸತಿ ಸಮುಚ್ಚಯದ ಒಳಗಿನ ಸಭಾಂಗಣದಲ್ಲಿ, ನಿವಾಸಿಗಳಿಗೆಂದೇ ನಡೆಯುವುದಾದರೆ ಕಾಯ್ದೆಯ 52ನೆಯ ಕಲಮಿನಲ್ಲಿ ಅಂಥ ಮುಚ್ಚಿದ ಸಭಾಂಗಣದಲ್ಲಿ ಧ್ವನಿಮುದ್ರಿಕೆ ಕೇಳಿಸುವುದಕ್ಕೆ ವಿನಾಯಿತಿ ಇದೆ. ಚೌಡಯ್ಯ ಸ್ಮಾರಕ ಭವನದಂಥ ಹೊರಗಿನ ಸಭಾಂಗಣ ಹಿಡಿದರೆ, ಟಿಕೆಟ್ ಇಟ್ಟರೆ ಅಥವಾ ಪ್ರಾಯೋಜಕರು ಬಂದರೆ ಪರವಾನಗಿಯ ವಿಚಾರವನ್ನು ಮುಂಚೆಯೇ ವಕೀಲರೊಬ್ಬರಲ್ಲಿ ಕೇಳಿಕೊಳ್ಳಿ.

ಪಟ್ಟಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದಕ್ಕೆ ಕಾರಣವಾದ ಘಟನೆ ಇನ್ನೂ ಕಣ್ಣಮುಂದಿದೆ. ಕೆಲವು ವರ್ಷಗಳ ಹಿಂದೆ ನಗರದ ಒಂದು ಕಾಲೇಜಿನ ಹಬ್ಬಕ್ಕೆ ಎಂಟು ಹುಡುಗಿಯರಿಗೆ ಮಾಂಟೆಜ್ ಹಾಡಿಗೆ ಕುಣಿತ ಕಲಿಸಿದ್ದೆ. ಚುಕ್ಕೆಯ ಬಟ್ಟೆಯ ಅಗಲ ಲಂಗಗಳನ್ನು ಅವರೇ ಹೊಲಿಸಿಕೊಂಡಿದ್ದರು. ದೀಪ ಹತ್ತಿತು, ಎಂಟು ಜನವೂ ಮೊದಲ ಬಡಿತಕ್ಕೆಂದು ಹಿಮ್ಮಡಿ ಎತ್ತಿ ನಿಂತರು. ಕೇಳಿಬಂದದ್ದು ಮೆಟ್ಟಿಲು ಮೆಟ್ಟಿಲಾಗಿ ಏರುವ ಕಂಠಗಳು — ಬೋವಿಯ ಹಾಡಿನ ಆರಂಭ. ಧ್ವನಿಯ ಮೇಜಿನ ಮುಂದಿದ್ದ ಹುಡುಗನ ಕಂಪ್ಯೂಟರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳಿದ್ದವು, ನಾನು ಬರೆದುಕೊಟ್ಟ ಚೀಟಿಯಲ್ಲಿ ಶೀರ್ಷಿಕೆ ಬಿಟ್ಟರೆ ಏನೂ ಇರಲಿಲ್ಲ. ಮುಂದಿನ ಸಾಲಿನ ಹುಡುಗಿ ಎತ್ತಿದ ಹಿಮ್ಮಡಿಯನ್ನು ನಿಧಾನವಾಗಿ ನೆಲಕ್ಕಿಟ್ಟು ನನ್ನ ಕಡೆ ನೋಡಿದಳು. ಹಾಡು ಬದಲಾಯಿಸಿ ಮತ್ತೆ ಶುರು ಮಾಡಿಸಿದೆವು, ಆದರೆ ಆರು ವಾರದ ಅಭ್ಯಾಸದಲ್ಲಿ ಬಂದಿದ್ದ ಉತ್ಸಾಹ ಆ ದಿನ ತಿರುಗಿ ಬರಲಿಲ್ಲ.

ಆದ್ದರಿಂದ ಹೀಗೆ ಬರೆಯಿರಿ: ‘ಲೆಟ್ಸ್ ಡ್ಯಾನ್ಸ್, ಹಾಡಿದವರು ಡೇವಿಡ್ ಬೋವಿ, ರಚನೆ ಬೋವಿ, 1983, ಸಿಂಗಲ್ ರೂಪ, ನಾಲ್ಕು ನಿಮಿಷಕ್ಕೆ ತುಸು ಮೇಲೆ, ಮೊದಲು ಕೇಳುವುದು ಏರುವ ಕಂಠಗಳು.’ ಅವಧಿ ಬರೆಯಲೇಬೇಕು, ಏಕೆಂದರೆ ಇದೇ ಹಾಡಿನ ಆಲ್ಬಮ್ ರೂಪ ಏಳೂವರೆ ನಿಮಿಷ ಓಡುತ್ತದೆ, ಮಕ್ಕಳ ಹೆಜ್ಜೆ ಮುಗಿದ ಮೇಲೂ ಹಾಡು ಮುಗಿದಿರುವುದಿಲ್ಲ. ಮೊದಲು ಕೇಳುವ ಸದ್ದನ್ನು ಬರೆದಿದ್ದರೆ ಹಾಡು ಗೊತ್ತಿಲ್ಲದ ಸೌಂಡ್‌ನವರೂ ಕಿವಿಗೆ ಹೆಡ್‌ಫೋನ್ ಇಟ್ಟು ಒಂದೇ ಕ್ಷಣದಲ್ಲಿ ತಾಳೆ ನೋಡಬಹುದು. ಕಡತದ ಹೆಸರಿನಲ್ಲೂ ಶೀರ್ಷಿಕೆಗಿಂತ ಮುಂಚೆ ತಂಡದ ಕ್ರಮಸಂಖ್ಯೆಯನ್ನೂ ವರ್ಷವನ್ನೂ ಹಾಕಿ. ಇನ್ನೂ ಖಚಿತವಾಗಬೇಕೆಂದರೆ ಪ್ರತಿ ಧ್ವನಿಮುದ್ರಿಕೆಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತುಸಂಖ್ಯೆ ಇರುತ್ತದೆ. ಅದು ಮುದ್ರಿಕೆಯ ಗುರುತು. ರಚನೆಯ ಗುರುತಿಗೆ ಐಎಸ್‌ಡಬ್ಲ್ಯುಸಿ ಎಂಬ ಬೇರೆ ಸಂಖ್ಯೆ ಇದೆ. ಬನಾನರಾಮ ಮತ್ತು ಶಾಕಿಂಗ್ ಬ್ಲೂ ಮುದ್ರಿಕೆಗಳಿಗೆ ಮೊದಲನೆಯ ಸಂಖ್ಯೆ ಬೇರೆ ಬೇರೆ, ಎರಡನೆಯದು ಒಂದೇ.

ಮೂರು ತಂಡಗಳಲ್ಲಿ ಯಾವುದನ್ನೂ ಕೈಬಿಡಬೇಡಿ, ವರ್ಷದ ಕ್ರಮದಲ್ಲೇ ಒಂದರ ಹಿಂದೆ ಒಂದು ಬರಲಿ. ಆಕಾಶವಾಣಿಯ ನಿರೂಪಕರು ಗಾಯಕರು, ಸಾಹಿತ್ಯ, ಸಂಗೀತ ಎಂದು ಹೇಳಿಯೇ ಹಾಡು ಹಾಕುತ್ತಿದ್ದಂತೆ ನಿಮ್ಮ ನಿರೂಪಕರೂ ಪ್ರತಿ ಹಾಡಿಗೆ ಮುಂಚೆ ರಚನಕಾರರ ಹೆಸರು ಹೇಳಲಿ. ಸಮಯವಿದ್ದರೆ ಎಲ್ಲಕ್ಕಿಂತ ಮೊದಲು ವೆಬರ್‌ರ ವಾಲ್ಟ್ಸನ್ನು ಇಬ್ಬರೇ ಹಿರಿಯರು ಕುಣಿಯಲಿ ಎಂಬುದು ನನ್ನ ಆಸೆ. ಹಾಗೆ ಮಾಡುವುದಾದರೆ ಸೌಂಡ್‌ನವರಿಗೆ ಒಂದು ಮಾತು ಮುಂಚೆಯೇ ಹೇಳಿಡಿ: ವಾಲ್ಟ್ಸ್ ಜೋರಾಗಿ ಮುಗಿದಂತೆ ಕೇಳಿಸಿದಾಗ ಅದು ಮುಗಿದಿರುವುದಿಲ್ಲ, ಸಭಿಕರು ಅಲ್ಲೇ ಚಪ್ಪಾಳೆ ತಟ್ಟಿಬಿಡುವುದು ಸಾಮಾನ್ಯ. ಒಂದು ಕ್ಷಣದ ಮೌನದ ನಂತರ ಮೆಲುದನಿಯ ಕೊನೆಯ ಭಾಗ ಬರುತ್ತದೆ. ಆ ಗೃಹಸ್ಥ ಆಕೆಗೆ ಕೃತಜ್ಞತೆ ಹೇಳಿ ಬೀಳ್ಕೊಳ್ಳುವುದು ಅಲ್ಲಿಯೇ. ಅದು ಮುಗಿಯುವವರೆಗೂ ಕುಣಿಯುವವರು ಕೈ ಬಿಡಬಾರದು, ದೀಪ ಆರಿಸಬಾರದು.